ನಾಕಾದಲ್ಲಿ ಬಿಟ್ಟ ಲೈಸೆನ್ಸ್

ಜನವರಿ 6, ಮಂಗಳವಾರ. ಬೈಲಹೊಂಗಲ

ಬೆಳಗ್ಗೆಯಿಂದ ಮಿಲ್ಲಿನ ಅಂಗಳದಲ್ಲೇ. ಹಮಾಲರು ಹಿಂಡಿ ಚೀಲ ಏರಿಸುತ್ತಲೇ ಇದ್ದಾರೆ. ಹತ್ತಿಕಾಳಿನ ಹಿಂಡಿ. ರಾಮದುರ್ಗದ ಎಮ್ಮೆಗಳಿಗೆ ಹೊಟ್ಟೆ ತುಂಬ, ನಮ್ಮ ಲಾರಿಗೆ ಹೊಟ್ಟೆ ಬಿರಿಯುವಷ್ಟು. ಮತ್ತೊಂದು ಸಾಲು ಏರಿದಾಗ ಮಾಲಕರಿಗೆ ಫೋನ್ ಹಚ್ಚಿದೆ.

"ಓವರ್‌ಲೋಡ್ ಆಗತೈತ್ರಿ ಸಾವಕಾರ್ರ."

"ಗಾಡಿ ನಂದೋ, ನಿಂದೋ?"

ಮಲಕಾಜಪ್ಪ ಸಾವಕಾರರ ಜೊತೆ ಮಾತು ಯಾವಾಗಲೂ ಇಷ್ಟಕ್ಕೇ ಮುಗಿಯುತ್ತದೆ. ಗಾಡಿ ಅವರದು. ಪೊಲೀಸರು ಹಿಡಿದರೆ ಮಾತ್ರ ನನ್ನದು.

ಆದರೂ ಇವತ್ತು ಸಿಟ್ಟು ಬರಲಿಲ್ಲ. ಹುಬ್ಬಳ್ಳಿಯಿಂದ ಪತ್ರ ಬಂದಿದೆ. 22ಕ್ಕೆ ಡ್ರೈವಿಂಗ್ ಟೆಸ್ಟ್. ಸರಕಾರಿ ಬಸ್ಸಿನ ಡ್ರೈವರ್ ನೌಕರಿ... ಖಾಕಿ ನನ್ನ ಮೈಮೇಲೆ! ಒರಿಜಿನಲ್ ಲೈಸೆನ್ಸ್ ತರಬೇಕು, ಮೊಬೈಲಿನ ಪ್ರತಿ ನಡೆಯುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ನನ್ನ ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತದೆ. ಇದು ತಪ್ಪಿತೋ, ಸಾಯುವ ತನಕ ಹಿಂಡಿ ಚೀಲವೇ ಗತಿ. ಹೆಂಡತಿ ಹಿನಾಕೌಸರ ಈಗಲೇ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಅದೇ ದಿನ, ಸಂಜೆ. ಸವದತ್ತಿ ರಸ್ತೆ

ಪೊಲೀಸರು ಗಾಡಿ ತಪಾಸಣೆ ಮಾಡುವ ನಾಕಾದಲ್ಲಿ ಕೈ ಮಾಡಿದರು. ಎಎಸ್‌ಐ ನಿಜಗುಣಪ್ಪ. ಇಳಿದು ಓಡಿದೆ. ಡ್ರೈವರುಗಳೆಲ್ಲ ಹಾಗೇ ಓಡುವುದು. ಸಾಹೇಬರು ಗಾಡಿಯ ತನಕ ಬರಬಾರದು, ನಾವೇ ಜೀಪಿನ ತನಕ ಹೋಗಬೇಕು. ಅವಸರದಲ್ಲಿ ಒಂದು ಚಪ್ಪಲಿ ಕ್ಯಾಬಿನ್ನಿನಲ್ಲೇ ಉಳಿಯಿತು.

"ಏನ್ ತಮ್ಮಾ, ಗುಡ್ಡಾನ ಹೊತ್ಕೊಂಡು ಹೊಂಟೀಯಲಾ?"

"ಮಾಲಕ್ರು ಹೇರಿಸ್ಯಾರ್ರಿ..."

ಕೇಸು ಬರೆದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಬರೆಯಬಾರದು ಅಂದರೆ ಈ ದಾರಿಯಲ್ಲಿ ಒಂದು ರೂಢಿ ಇದೆ. ಲೈಸೆನ್ಸ್ ಒತ್ತೆ ಇಟ್ಟು ಮುಂದೆ ಹೋಗುವುದು. ಆಮೇಲೆ ಮಾಲಕರು ಬಂದು ಸಾಹೇಬರ ಜೊತೆ ಮಾತಾಡಿ ಬಿಡಿಸಿಕೊಳ್ಳುವುದು. ಕಾಗದ ಇಲ್ಲ, ಸಹಿ ಇಲ್ಲ.

ವಕೀಲರೊಬ್ಬರ ವಿಡಿಯೊ ನೋಡಿದ್ದೆ. ಪೊಲೀಸರು ಲೈಸೆನ್ಸ್ ಇಟ್ಟುಕೊಂಡರೆ ಅದಕ್ಕೆ ರಸೀದಿ, ಅಂದರೆ ಪಾವತಿ, ಬರೆದು ಕೊಡಲೇಬೇಕು, ಲೈಸೆನ್ಸ್ ವಾಪಸ್ ಬರುವ ತನಕ ಆ ಪಾವತಿಯೇ ಲೈಸೆನ್ಸ್. ಪಾವತಿ ಕೊಡ್ರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಾಯಿಂದ ಬಿದ್ದದ್ದು ಬೇರೆ.

"ಲೈಸೆನ್ಸ್ ನಿಮ್ಮ ಕಡೇನ ಇರ್ಲಿ ಬಿಡ್ರಿ ಸಾಹೇಬ್ರ."

ಅವರಿನ್ನೂ ಕೇಳಿರಲಿಲ್ಲ. ನಾನೇ ಕೊಟ್ಟೆ. ಖಾಕಿ ಕಂಡರೆ ನನಗೆ ಏನಾಗುತ್ತದೋ! ಇರಲಿ, ಟೆಸ್ಟಿಗೆ ಇನ್ನೂ ಬೇಕಾದಷ್ಟು ದಿನ ಇದೆ.

ಜನವರಿ 9

ಸಾವಕಾರರು ಇನ್ನೂ ನಾಕಾಕ್ಕೆ ಹೋಗಿಲ್ಲ. "ಹೋದ್ರಾತು ಬಿಡೋ." ಮತ್ತೆ ಕೇಳಿದೆ. "ಅಂಥಾದ್ದೇನ್ ಅವಸರ ನಿಂದು?" ಅಂದರು.

ಹೇಳಿಬಿಟ್ಟೆ. ಟೆಸ್ಟು, ಬಸ್ಸು, ಎಲ್ಲ.

ಬರೆಯುತ್ತಿದ್ದ ಲೆಕ್ಕದ ಪುಸ್ತಕ ಮುಚ್ಚಿದರು. ಆಮೇಲೆ ನಕ್ಕರು. "ಭಾಳ ಛಲೋ ಆತಲ್ಲೋ!" ಅಂದು ಚಹಾ ತರಿಸಿದರು. ಈ ಜನ್ಮದಲ್ಲಿ ನನಗೆ ಚಹಾ ಕುಡಿಸಿದವರಲ್ಲ. ಕುಡಿದು ಬಂದೆ.

ಜನವರಿ 13

ನಾಕಾದಲ್ಲಿ ನಿಜಗುಣಪ್ಪ ಸಾಹೇಬರು ಸಿಕ್ಕರು.

"ನಿಮ್ಮ ಸಾವಕಾರ ಬಂದಿದ್ನಲ್ಲೋ. ಮಾತಾಡಿ, ಲೈಸೆನ್ಸ್ ಒಯ್ದ. ಶನಿವಾರನ ಕೊಟ್ಟೇನಿ."

ಎದೆಯ ಮೇಲಿನ ಕಲ್ಲು ಇಳಿಯಿತು. ಗಾಡಿ ತಿರುಗಿಸಿಕೊಂಡು ಸೀದಾ ಸಾವಕಾರರ ಅಂಗಡಿಗೆ ಬಂದೆ.

"ಯಾ ಲೈಸೆನ್ಸೋ?"

"ಸಾಹೇಬ್ರು ನಿಮ್ಮ ಕೈಯಾಗ ಕೊಟ್ಟೇನಿ ಅಂದ್ರು..."

"ಅಂವ ಅಂದ್ನಂತ, ನೀ ಕೇಳಿದ್ಯಂತ. ಅವನ ಕಡೆ ಲೈಸೆನ್ಸ್ ಕೊಟ್ಟಿದ್ದಕ್ಕ ಪಾವತಿ ಐತೇನು ನಿನ್ನಂತ್ಯಾಕ?"

ಇಲ್ಲ.

"ಮತ್ತ? ಎಲ್ಲಿ ಬೀಳಿಸ್ಕೊಂಡೀಯೋ ಏನೋ. ಹುಡುಕು."

ಮತ್ತೆ ನಾಕಾಕ್ಕೆ ಫೋನ್ ಮಾಡಿದೆ. "ನಾ ಕೊಟ್ಟೇನಪಾ, ಮುಗೀತು ನಂದು" ಅಂದು ಸಾಹೇಬರು ಫೋನ್ ಇಟ್ಟರು. ಇಬ್ಬರ ಮಾತಿನ ನಡುವೆ ನನ್ನ ಲೈಸೆನ್ಸ್ ಎಲ್ಲೂ ಇಲ್ಲದಂತಾಯಿತು.

ಜನವರಿ 14

ಮಾವ ನಜೀರಸಾಬರು ಮನೆಗೆ ಬಂದಿದ್ದರು. ಲಾರಿಯಲ್ಲೇ ಹಣ್ಣಾದ ಜೀವ. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು, ಸಾಹೇಬರ ಮುಂದೆ ಓಡಲು ಕಲಿಸಿದವರೂ ಅವರೇ.

"ಪಾವತಿ ಕೇಳಿದ್ರ ಸಾಹೇಬ್ರ ಮ್ಯಾಲೆ ಭರೋಸಾ ಇಲ್ಲ ಅಂದಂಗ ಆಗತೈತಿ. ನಾ ಒಂದಿನಾ ಕೇಳಿದಾವಲ್ಲ. ದಿನಾ ಅದ ದಾರಿ, ಅದ ಮಂದಿ."

ಹಿನಾ ಒಳಗಿನಿಂದಲೇ ಹೇಳಿದಳು: "ಅಬ್ಬಾ, ಭರೋಸಾ ಇಟ್ಟಾವ್ರು ಬರೇ ನೀವ. ಅವ್ರು ಯಾವಾಗ ಇಟ್ಟಿದ್ರು?"

ಮಾವ ಬಸಿಯ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಪಾಪ ಅನಿಸಿತು.

ಡುಪ್ಲಿಕೇಟ್ ಬಗ್ಗೆ ವಿಚಾರಿಸಿದೆ. ಕಳೆದಿದೆ ಎಂದು ಬರೆದು ಕೊಡಬೇಕು. ಕಾರ್ಡು ಅಂಚೆಯಲ್ಲಿ ಬರುವ ಹೊತ್ತಿಗೆ ಟೆಸ್ಟ್ ಮುಗಿದಿರುತ್ತದೆ. ಅಲ್ಲದೆ, ಕಳೆದಿಲ್ಲವಲ್ಲ! ಯಾರ ಗಲ್ಲಾದಲ್ಲಿದೆ ಎಂದು ನನಗೆ ಗೊತ್ತು.

ಜನವರಿ 19

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಹೇರಿದೆ, ಓಡಿಸಿದೆ, ಇಳಿಸಿದೆ.

ಇವತ್ತು ಸಾವಕಾರರು ತಾವೇ ಕರೆದರು.

"ಬುಧವಾರ ಲೋಡ್ ಐತಿ, ರಾಮದುರ್ಗಕ್ಕ. ಗುರುವಾರ ಅಲ್ಲೇ ಖಾಲಿ ಮಾಡ್ಕೊಂಡು ಬಾ. ಬಂದಮ್ಯಾಲೆ ನಿನ್ನ ಲೈಸೆನ್ಸ್ ಹುಡುಕೂಣಂತ."

ಗುರುವಾರ 22. ಲೆಕ್ಕ ಹಾಕಿಯೇ ಹೇಳಿದ್ದು.

"ಟೆಸ್ಟ್ ಐತ್ರಿ ನಂದು ಅವತ್ತ."

"ಲೈಸೆನ್ಸ್ ಇಲ್ಲದ ಟೆಸ್ಟಿಗೆ ಹೋಗ್ತೀಯೇನೋ? ಹುಚ್ಚ." ಬೆನ್ನು ತಟ್ಟಿದರು. "ನಿನ್ನಂಥಾ ಡ್ರೈವರ್ ನನಗ ಎಲ್ಲಿ ಸಿಗಬೇಕು?"

ನನ್ನನ್ನು ಯಾರೂ ಕಟ್ಟಿ ಹಾಕಿಲ್ಲ. ನಾಳೆಯೇ ಬಿಡಬಹುದು. ಬಿಟ್ಟು ಎಲ್ಲಿಗೆ ಹೋಗಲಿ? ಲೈಸೆನ್ಸ್ ಇಲ್ಲದವನಿಗೆ ಇನ್ನೊಬ್ಬ ಮಾಲಕ ಕೀಲಿ ಕೊಡುತ್ತಾನೆಯೇ? ನನಗೆ ಅವರನ್ನು ಹೊಡೆಯಬೇಕು ಅನಿಸಿತು. ಹೊಡೆಯಲಿಲ್ಲ. "ಆತ್ರಿ" ಅಂದು ಬಂದೆ. ಅದೇ ಹೆಚ್ಚು ಉರಿಯುತ್ತಿದೆ.

ಜನವರಿ 21, ಮಧ್ಯಾಹ್ನ. ನಾಕಾದ ಬಳಿ

ನಡೆದದ್ದನ್ನು ನಡೆದಂತೆಯೇ ಬರೆದಿಡುತ್ತೇನೆ.

ಹಿಂಡಿ ಮತ್ತೆ ಗುಡ್ಡದಷ್ಟು. ನಾಕಾದಲ್ಲಿ ಯಾರೂ ಕೈ ಮಾಡಲಿಲ್ಲ. ಸಾಹೇಬರು ನೆರಳಲ್ಲಿ ಶೇಂಗಾ ತಿನ್ನುತ್ತಿದ್ದರು. ಹೋಗು ಅಂತ ಸನ್ನೆ ಕೂಡ ಮಾಡಿದರು. ನಾನು ಜೀಪಿನ ಮುಂದೆ ಲಾರಿ ನಿಲ್ಲಿಸಿದೆ. ಇಳಿಯಲಿಲ್ಲ. ಕೂತಲ್ಲೇ ಕೂತೆ.

ಬಹಳ ಹೊತ್ತು ನೋಡಿ ಅವರೇ ಎದ್ದು ಬಂದರು.

"ಯಾಕೋ ತಮ್ಮಾ, ಕೆಟ್ಟೈತೇನು ಗಾಡಿ?"

"ಇಲ್ರಿ. ಓವರ್‌ಲೋಡ್ ಐತಿ. ತೂಕ ಮಾಡಿಸಿ ಕೇಸ್ ಹಾಕ್ರಿ."

"ತಲಿ ಕೆಟ್ಟೈತೇನೋ?"

"ಲೈಸೆನ್ಸ್ ಇಲ್ಲ ಅಂತನೂ ಬರೀರಿ. ಎಲ್ಲೈತಿ ಅಂತ ಕೋರ್ಟಿನ್ಯಾಗ ಕೇಳಿದ್ರ, ನಿಮ್ಮ ಕೈಯಾಗ ಕೊಟ್ಟೇನಿ ಅಂತೇನಿ. ಪಾವತಿ ಕೊಡಲಿಲ್ಲ ಅಂತನೂ ಅಂತೇನಿ."

ಶೇಂಗಾ ಅಗಿಯುವುದು ನಿಂತಿತು. ಹೆದರಿದರು. ನಾನೂ ಹೆದರಿದ್ದೆ. ಎತ್ತರದ ಸೀಟಿನ ಮೇಲಿದ್ದೆ, ಅವರಿಗೆ ಗೊತ್ತಾಗಲಿಲ್ಲ. ಫೋನ್ ತೆಗೆದು ಸಾವಕಾರರಿಗೆ ಹಚ್ಚಿದರು.

"ಮಲಕಾಜಪ್ಪ, ಆ ಹುಡುಗನ ಲೈಸೆನ್ಸ್ ತಗೊಂಡು ಈಗಿಂದೀಗ ಬಾ. ಇಲ್ಲಂದ್ರ ನಿನ್ನ ಗಾಡಿ ಮ್ಯಾಲೆ ಇಲ್ಲೇ ಹುಲ್ಲ ಬೆಳೀತೈತಿ."

ಗಾಡಿಯನ್ನು ಕಾಟಾಕ್ಕೆ ಒಯ್ದು ತೂಕ ಮಾಡಿಸಿದರು. ಸಾಹೇಬರು ಬರೆಯುತ್ತಿದ್ದಾರೆ. ಸಾವಕಾರರ ಹಾದಿ ಕಾಯುತ್ತಿದ್ದೇವೆ, ನಾನೂ ಅವರೂ ಒಂದೇ ನೆರಳಲ್ಲಿ.

ಅದೇ ದಿನ, ಸಂಜೆ. ಬಸ್ಸಿನಲ್ಲಿ

ಸಾವಕಾರರು ಬಂದರು. ಅಂಗಿಯ ಕಿಸೆಯಿಂದ ಲೈಸೆನ್ಸ್ ತೆಗೆದರು. ಇಷ್ಟು ದಿನ ಅವರ ಹತ್ತಿರವೇ ಇತ್ತು! ನಾನು ಮುಂದೆ ಹೋದೆ. ನನಗೆ ಕೊಡಲಿಲ್ಲ, ಸಾಹೇಬರಿಗೆ ಕೊಟ್ಟರು. ಸಾಹೇಬರೂ ನನಗೆ ಕೊಡಲಿಲ್ಲ.

"ತಡಿ ತಮ್ಮಾ. ಕೇಸ್ ಬರೀರಿ ಅಂದಾವ ನೀನ. ಬರದೇನಿ. ಇನ್ನ ಇದು ಜಪ್ತಿ. ಕೋರ್ಟಿನ್ಯಾಗ ಬಿಡಿಸ್ಕೋ."

"ನಾಳಿ ಟೆಸ್ಟ್ ಐತ್ರಿ ಸಾಹೇಬ್ರ..."

"ಗೊತ್ತಿಲ್ಲ ನನಗ. ನೀ ಕಾನೂನ ಹೇಳಿದಿ, ನಾ ಕಾನೂನ ಮಾಡಿದೆ."

ಪಾವತಿ ಹರಿದು ಕೈಗಿಟ್ಟರು. ಸಹಿ, ಠಾಣೆಯ ಶಿಕ್ಕಾ, ತಾರೀಖು, ಎಲ್ಲ ಬರಾಬರ್. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಳುವೇ ಬಂತು, ಗಾಡಿಯ ಹಿಂದೆ ಹೋಗಿ ಅತ್ತೆ. ಸಾವಕಾರರು "ನಾಳಿಂದ ಬರಬ್ಯಾಡ" ಅಂದರು. ಬರುವ ವಿಚಾರ ನನಗೂ ಇರಲಿಲ್ಲ.

ಹಿನಾಗೆ ಫೋನ್ ಮಾಡಿ ಹೇಳಿದೆ. "ಕಾಗದ ಐತೆಲ್ರಿ ಕೈಯಾಗ? ಮತ್ತ ಮನಿಗ್ಯಾಕ ಬರತೀರಿ? ಹುಬ್ಬಳ್ಳಿಗೆ ಹೋಗ್ರಿ" ಅಂದಳು.

ಜನವರಿ 22, ಗುರುವಾರ. ಹುಬ್ಬಳ್ಳಿ

ಟೆಸ್ಟಿನ ಮೈದಾನ. ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸಾಲಿನಲ್ಲಿ ಪಾಳಿ ಹಚ್ಚಿದ್ದೆ, ನನ್ನ ಸರದಿ ಬಂತು. ಪಾವತಿ ತೋರಿಸಿದೆ.

"ಒರಿಜಿನಲ್ ಎಲ್ಲೈತ್ರಿ?" ಕ್ಲಾರ್ಕ್ ಕೇಳಿದರು.

"ಅದು ಕೋರ್ಟಿನ್ಯಾಗ ಐತ್ರಿ. ಅಲ್ಲೀತನಾ ಕಾನೂನಿನ ಪ್ರಕಾರ ಇದ ಲೈಸೆನ್ಸು."

"ಇಂಥಾದ್ದು ನಾವೇನ್ ನೋಡಿಲ್ಲ. ಕೊಡ್ರಿ ಇಲ್ಲೆ, ಒಳಗ ದೊಡ್ಡ ಸಾಹೇಬ್ರಿಗೆ ತೋರಿಸಿ ಬರತೇನಿ."

"ಕೈ ಬಿಟ್ಟು ಕೊಡೂದಿಲ್ರಿ. ಸಾಹೇಬ್ರನ್ನ ಕರೀರಿ, ನಾನ ತೋರಸ್ತೇನಿ."

ಪಾಳಿಯಲ್ಲಿದ್ದವರು ನಕ್ಕರು. ಕ್ಲಾರ್ಕಿನ ಮುಖ ಕೆಂಪಾಯಿತು. "ಹಂಗಾರ ಬಾಜೂಕ ನಿಲ್ರಿ. ಸಾಹೇಬ್ರು ಪುರಸೊತ್ತಾದಾಗ ಬರತಾರ." ಬದಿಗೆ ಸರಿದೆ.

ಆಗಿನಿಂದ ಇಲ್ಲೇ. ನನ್ನ ಹಿಂದಿದ್ದವನನ್ನು ಕರೆದರು. ಅವನ ಹಿಂದಿದ್ದವನನ್ನೂ ಕರೆದರು. ಬಸ್ಸು ಹಿಂದೆ ಮುಂದೆ ಆಡುತ್ತಿದೆ. ಒಬ್ಬ ಗೇರ್ ಹಾಕಲು ಒದ್ದಾಡಿದ, ನನ್ನ ಕೈ ತಾನೇ ಮುಂದೆ ಹೋಯಿತು. ಕೊಟ್ಟುಬಿಡಬೇಕಿತ್ತೋ ಏನೋ. ಇಲ್ಲ. ಕೊಡುವುದಿಲ್ಲ. ಹೆದರಿಕೆ ಆಗುತ್ತಿದೆ, ನಿಜ ಹೇಳಬೇಕೆಂದರೆ ಬಹಳ ಹೆದರಿಕೆ.

ಪಾಳಿ ಮುಗಿಯುತ್ತ ಬಂತು. ಕ್ಲಾರ್ಕ್ ಮೇಜಿನ ಮೇಲಿನದನ್ನೆಲ್ಲ ಜೋಡಿಸಿಕೊಳ್ಳುತ್ತಿದ್ದಾರೆ. ಒಳಗಿನ ಬಾಗಿಲು ತೆರೆಯಿತು. ಸಾಹೇಬರೇ. ಕ್ಲಾರ್ಕ್ ನನ್ನ ಕಡೆ ಬೆರಳು ತೋರಿಸಿದರು. ಕನ್ನಡಕ ಏರಿಸಿಕೊಂಡು ಈ ಕಡೆಗೇ ಬರುತ್ತಿದ್ದಾರೆ. ನಾನು ಓಡಲಿಲ್ಲ, ಪಾವತಿ ಹಿಡಿದು ಕಟ್ಟೆಯ ಮೇಲೆಯೇ ಕೂತಿದ್ದೇನೆ.