ಬಾಸ್ಟನ್ನಿನಲ್ಲಿ ಶನಿವಾರದ ಆಟ

ನ್ಯೂಯಾರ್ಕ್
ಅಕ್ಟೋಬರ್ 21, 1951, ಭಾನುವಾರ

ಪ್ರೀತಿಯ ಕ್ಲೈಡ್,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಸಿನ್ಸಿನಾಟಿಯಲ್ಲಿ ಮಗಳು ಲೊರೇನಳ ಮನೆಯಲ್ಲಿ ಮಲಗಿಕೊಂಡೇ ನನ್ನನ್ನು ಚೆನ್ನಾಗಿ ಬೈದಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಬೆನ್ನು ಹೇಗಿದೆ? ತಿಂಗಳಿಡೀ ಹಲಗೆಯ ಮೇಲೆ ಮಲಗಬೇಕು, ಬಚ್ಚಲಿಗೆ ಬಿಟ್ಟು ಬೇರೆಲ್ಲೂ ಏಳಕೂಡದು ಎಂದು ಡಾಕ್ಟರು ಹೇಳಿದ್ದಾರೆಂದು ಬರೆದಿದ್ದೆ. ಅದನ್ನು ಓದಿ ನೆಟ್ಟಿ ಕಣ್ಣಲ್ಲಿ ನೀರು ಹಾಕಿಕೊಂಡಳು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಜ್ವರ ಬಂದಾಗ ಅವಳು ಇಷ್ಟು ಮರುಗಿದ್ದನ್ನು ನಾನು ಕಂಡಿಲ್ಲ.

ಉತ್ತರ ತಡವಾದದ್ದಕ್ಕೆ ಕಾರಣ ಇದೆ. ಬರುವ ಗುರುವಾರ ಸಂಜೆ ನಮ್ಮ ನಾಟಕ ನ್ಯೂಯಾರ್ಕಿನಲ್ಲಿ ಶುರುವಾಗುತ್ತದೆ. ಆ ಪರದೆ ಎದ್ದಾಗ ಅದರ ಹಿಂದೆ ನಾನಿರುತ್ತೇನೋ, ನನ್ನ ಜಾಗದಲ್ಲಿ ಇನ್ನೊಬ್ಬ ಇರುತ್ತಾನೋ ಎನ್ನುವುದೇ ಇಷ್ಟು ದಿನ ನನ್ನ ನಿದ್ದೆ ಕೆಡಿಸಿತ್ತು. ಮೊದಲಿನಿಂದ ಹೇಳುತ್ತೇನೆ. ನಿನ್ನ ಹಳೆಯ ಚಾಳಿಯಂತೆ ಕೊನೆಯ ಪುಟ ಮೊದಲು ತಿರುಗಿಸಬೇಡ.

ಈ ಪಾತ್ರ ನನಗೆ ಏನೆಂದು ನಿನಗಲ್ಲದೆ ಇನ್ಯಾರಿಗೆ ಗೊತ್ತು? ನೆಬ್ರಾಸ್ಕದ ಜೋಳದ ಹೊಲಗಳ ಪಕ್ಕ ಟೆಂಟು ಹೊಡೆದು ಆಡುತ್ತಿದ್ದ ದಿನಗಳಿಂದ ನಾನು ಬೇರೆಯವರ ಪಕ್ಕದಲ್ಲಿ ನಿಂತುಕೊಂಡೇ ಬಂದವನು. ಆಗ ನೀನು ನಾಯಕ, ನಾನು ಅಂಟಿಸಿದ ಮೀಸೆಯ ಖಳ. ಓಹಾಯೋದ ಕಂಪನಿಯಲ್ಲಿ ವಾರಕ್ಕೊಂದು ಹೊಸ ನಾಟಕ ಕಲಿತೆವಲ್ಲ, ಅಲ್ಲಿಯೂ ನನ್ನ ಪಾಲಿಗೆ ಬಂದದ್ದು ಮಾವ, ವಕೀಲ, ಕುಡುಕ ಪಾದ್ರಿ. ಆಮೇಲೆ ಸಿನಿಮಾಕ್ಕೆ ಮಾತು ಬಂತು. ಮಾತಾಡಲು ಬರುವವರು ಬೇಕೆಂದು ಹಾಲಿವುಡ್ಡಿನವರು ನಮ್ಮಿಬ್ಬರನ್ನೂ ಕರೆದರು. "ಅಲ್ಲಿ ಕಿತ್ತಳೆ ಮರ ಬಿಟ್ರೆ ಇನ್ನೇನಿದೆಯೋ" ಅಂದು ನೀನು ಉಳಿದೆ, ನಾನು ರೈಲು ಹತ್ತಿದೆ. ಅಲ್ಲಿ ಎಷ್ಟು ಜನರಿಗೆ ಮರಣದಂಡನೆ ಕೊಟ್ಟೆನೋ ಲೆಕ್ಕವಿಲ್ಲ. ಜಡ್ಜಿನ ಕಪ್ಪು ನಿಲುವಂಗಿ ಕಳಚಿದರೆ ಡಾಕ್ಟರ ಬಿಳಿ ಕೋಟು, ಅದು ಕಳಚಿದರೆ ಬ್ಯಾಂಕ್ ಮ್ಯಾನೇಜರನ ವೇಸ್ಟ್‌ಕೋಟು. ಇವತ್ತಿಗೂ ರಸ್ತೆಯಲ್ಲಿ ಜನ ತಡೆದು ನಿಲ್ಲಿಸುತ್ತಾರೆ. "ನಿಮ್ಮನ್ನ ಎಲ್ಲೋ ನೋಡಿದೀನಲ್ಲ! ನಮ್ಮ ಹಲ್ಲಿನ ಡಾಕ್ಟ್ರಲ್ವಾ ನೀವು?" ನಾನು ಹೌದೆಂದು ತಲೆಯಾಡಿಸಿ, ಸಿಹಿ ಕಡಿಮೆ ತಿನ್ನಿ ಎಂದು ಹೇಳಿ ಮುಂದೆ ಹೋಗುತ್ತೇನೆ.

ಇಂಥವನಿಗೆ ತಲೆ ನರೆತ ಮೇಲೆ ನಾಯಕನ ಪಾತ್ರ ಸಿಕ್ಕಿತು. ವರ್ಮಾಂಟಿನ ಸಣ್ಣ ಊರೊಂದರ ಔಷಧಿ ಅಂಗಡಿಯವನು. ಅವನ ಕೈತಪ್ಪಿನಿಂದ ಒಂದು ಮಗು ಸತ್ತಿದೆ. ಎರಡು ಅಂಕ ಅದನ್ನು ಮುಚ್ಚಿಟ್ಟುಕೊಂಡು ಒದ್ದಾಡಿ ಮೂರನೆಯದರಲ್ಲಿ ಮಗಳ ಮುಂದೆ ಒಪ್ಪಿಕೊಳ್ಳುತ್ತಾನೆ. ಶುರುವಿನಿಂದ ಕೊನೆಯವರೆಗೆ ರಂಗ ಬಿಟ್ಟು ಕದಲುವುದಿಲ್ಲ. ಓದಿದ ದಿನವೇ ನೆಟ್ಟಿಗೆ ಹೇಳಿದ್ದೆ, ಇದು ಸಿಕ್ಕರೆ ಆಮೇಲೆ ಏನೂ ಸಿಗದಿದ್ದರೂ ಪರವಾಗಿಲ್ಲ ಅಂತ.

ನ್ಯೂಯಾರ್ಕಿಗೆ ಮುಂಚೆ ಬೇರೆ ಊರುಗಳಲ್ಲಿ ಆಡಿಸಿ ನೋಡುತ್ತಾರಲ್ಲ, ನ್ಯೂಹೇವನ್ನಿನಲ್ಲಿ ಮೊದಲ ಆಟವೇ ನೆಲಕಚ್ಚಿತು. ಜನ ಕೆಮ್ಮಿದರು. ಕೆಮ್ಮು ನಿಂತಾಗ ಕಾರ್ಯಕ್ರಮದ ಹಾಳೆ ಮಡಚುವ ಸದ್ದು. ಮರುದಿನ ಪತ್ರಿಕೆಯವನು ನನ್ನ ಮಗಳ ಪಾತ್ರ ಮಾಡುವ ಜೂನ್ ಎಂಬ ಹುಡುಗಿಯನ್ನು ಮನಸಾರೆ ಹೊಗಳಿ, ಕೊನೆಗೆ "ಆರಿನ್ ಪೆಲ್ ಗಟ್ಟಿಯಾಗಿದ್ದಾರೆ" ಎಂದು ಬರೆದಿದ್ದ. ಗಟ್ಟಿಯಾಗಿದ್ದಾರೆ ಅಂದರೆ ಏನು ಕ್ಲೈಡ್? ಅದು ಊಟದ ಮೇಜಿಗೆ ಹೇಳುವ ಮಾತು.

ಎರಡನೇ ಅಂಕದಲ್ಲಿ ನಾನೇ ಒಂದು ಚಿಕ್ಕ ಕೆಲಸ ಸೇರಿಸಿಕೊಂಡಿದ್ದೆ. ಪೊಲೀಸು ಬಿಲ್ಲೆಯ ಶೆರೀಫ್ ಅಂಗಡಿಗೆ ಬರುತ್ತಾನೆ. ನಾನು ಅವನಿಗೆಂದು ಸ್ಟೂಲು ಎಳೆದು, ಕರ್ಚೀಫು ತೆಗೆದು ಚೆನ್ನಾಗಿ ಒರೆಸಿ, ಗಾಬರಿಯಲ್ಲಿ ನಾನೇ ಕೂತುಬಿಡುತ್ತೇನೆ. ನಮ್ಮ ಟೆಂಟಿನ ಕಾಲದ ಚೇಷ್ಟೆಯೇ. ಆಗ ನಗಿಸಲು ಮಾಡುತ್ತಿದ್ದೆ, ಈಗ ಒಬ್ಬ ಮನುಷ್ಯ ಹೆದರಿ ಕೈಕಾಲಿನ ಹಿಡಿತ ಕಳೆದುಕೊಂಡದ್ದು ಕಾಣಲಿ ಎಂದು. ನ್ಯೂಹೇವನ್ನಿನಲ್ಲಿ ಒಂದು ನರಪಿಳ್ಳೆಯೂ ನಗಲಿಲ್ಲ. ನಿರ್ದೇಶಕ ಕರ್ಟಿಸ್, ಮೂವತ್ತು ತುಂಬದ ಹುಡುಗ, ಪೆನ್ಸಿಲು ಕಚ್ಚುತ್ತ ಹೇಳಿದ: "ಪೆಲ್ ಅವ್ರೆ, ಅದು ಹಳೇ ಕಾಲದ್ದು. ಬಿಟ್ಬಿಡಿ." ಬಿಟ್ಟುಬಿಟ್ಟೆ.

ಬಾಸ್ಟನ್ನಿಗೆ ಬಂದೆವು. ಬೆಳಿಗ್ಗೆ ಹೊಸ ಮಾತು ಬರೆದುಕೊಡುವುದು, ಸಂಜೆ ಅದನ್ನು ಆಡುವುದು, ಮರುದಿನ ಅದನ್ನೇ ಕಿತ್ತುಹಾಕುವುದು. ಕನಸಿನಲ್ಲಿಯೂ ನಾನು ತಪ್ಪು ಅಂಕದ ಮಾತು ಹೇಳುತ್ತಿದ್ದೆ. ಆದರೂ ಅದೆಲ್ಲ ಸಹಿಸಬಹುದು ಕಣೋ. ಆಟ ಮುಗಿದ ಮೇಲೆ ಎಲ್ಲರನ್ನೂ ರಂಗದ ಮೇಲೆ ಕೂರಿಸಿಕೊಂಡು ಕರ್ಟಿಸ್ ಒಬ್ಬೊಬ್ಬರ ತಪ್ಪು ಎತ್ತಿ ಹೇಳುತ್ತಾನಲ್ಲ, ಮಂಗಳವಾರ ಆ ಸಭೆಯಲ್ಲಿ ಶೆರೀಫನಿಗೆ ಬೈದ, ಜೂನಳಿಗೆ ಬೈದ, ದೀಪದವನಿಗೆ ಬೈದ. ನನ್ನ ಸರದಿ ಬಂದಾಗ ಮುಖ ನೋಡದೆ ಅಂದ: "ಪೆಲ್ ಅವ್ರೆ, ನಿಮಗೇನೂ ಇಲ್ಲ. ಚೆನ್ನಾಗಿತ್ತು."

ತಿದ್ದುವುದನ್ನು ನಿಲ್ಲಿಸಿದರೆ ಏನರ್ಥ ಎಂದು ನನಗೂ ನಿನಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಹೋಗುವವನನ್ನು ಯಾರು ತಿದ್ದುತ್ತಾರೆ?

ಬುಧವಾರವೂ ಅದೇ, ಚೆನ್ನಾಗಿತ್ತು. ಗುರುವಾರದ ಹೊತ್ತಿಗೆ ಎಲ್ಲರೂ ಸಕ್ಕರೆಯಾಗಿಬಿಟ್ಟರು. ಜೂನ್ ಕೇಳದೆಯೇ ಕಾಫಿ ತಂದುಕೊಟ್ಟಳು. ನಿರ್ಮಾಪಕ ಹ್ಯಾಲಿಡೇ ನನ್ನ ಭುಜದ ಮೇಲೆ ಕೈಯಿಟ್ಟು ಹೆಂಡತಿಯ ಆರೋಗ್ಯ ವಿಚಾರಿಸಿದ. ನನಗೆ ಹೆಂಡತಿ ಇದ್ದಾಳೆಂಬುದು ಆ ಪುಣ್ಯಾತ್ಮನಿಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ! ಸಾವಿನ ಮನೆಯಲ್ಲಿ ಹೆಣದ ಜೊತೆ ಮಾತಾಡುವ ಹಾಗೆ ಎಲ್ಲರೂ ನನ್ನ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಮ್ಯಾಗಿ ಡೂಲನ್ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ರಂಗದ ಹಿಂದಿನ ವ್ಯವಸ್ಥೆಯೆಲ್ಲ ಅವಳದು, ದೀಪ, ಪರದೆ, ನಮ್ಮ ಹಾಜರಿ, ಎಲ್ಲ. ಸುಳ್ಳು ಹೇಳಲು ಬಾರದ ಐರಿಷ್ ಹೆಂಗಸು.

"ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡಿ ಪೆಲ್ ಅವ್ರೆ. ನಾಳೆ ಮ್ಯಾಟಿನಿಗೆ ಕೊನೇ ಸಾಲಲ್ಲಿ ಒಂದು ಸೀಟು ಹಿಡಿದಿದಾರೆ."

"ಯಾರಿಗೆ?"

"ಹೆಸರು ಹೇಳ್ಲಿಲ್ಲ. ನಿಮ್ಮ ಪಾರ್ಟು ನೋಡ್ಕೊಂಡು ಹೋಗೋಕೆ ಬರ್ತಿದಾರೆ. ನಾಟಕದ ಪ್ರತಿ ಆಗ್ಲೇ ಕಳ್ಸಿದಾರಂತೆ, ಅವ್ರು ಓದಿ ಒಪ್ಕೊಂಡೂ ಆಗಿದೆಯಂತೆ." ಅವಳು ಕೈಯಲ್ಲಿದ್ದ ಹಾಜರಿ ಪಟ್ಟಿಯನ್ನು ಸುರುಳಿ ಸುತ್ತಿದಳು. "ನನ್ನ ಕೈಲಿದ್ದಿದ್ರೆ ಆ ಹ್ಯಾಲಿಡೇನ ಮೇಲೆ ಪರದೆ ಕಟ್ಟೋ ಮರಳು ಮೂಟೆ ಬೀಳಿಸ್ತಿದ್ದೆ."

"ಬೇಡ ಮ್ಯಾಗಿ, ಗುರಿ ತಪ್ಪಿ ನನ್ನ ಮೇಲೆ ಬೀಳುತ್ತೆ" ಅಂದೆ. ಅವಳು ನಗಲೂ ಇಲ್ಲ.

ಅವಳು ಹೋದ ಮೇಲೆ ನನ್ನ ವಯಸ್ಸಿನ, ನನ್ನ ಮೈಕಟ್ಟಿನ ನಟರ ಹೆಸರನ್ನೆಲ್ಲ ಮನಸ್ಸಿನಲ್ಲಿ ಹೇಳಿಕೊಂಡೆ. ಒಬ್ಬೊಬ್ಬನನ್ನೂ ಆ ಔಷಧಿ ಅಂಗಡಿಯಲ್ಲಿ ನಿಲ್ಲಿಸಿ ನೋಡಿದೆ, ಒಬ್ಬೊಬ್ಬನನ್ನೂ ದ್ವೇಷಿಸಿದೆ. ನೆಟ್ಟಿಗೆ ಫೋನ್ ಮಾಡಿದರೆ ಅವಳಿಗೆ ನನ್ನ ದನಿಯಲ್ಲೇ ಗೊತ್ತಾಗಿಹೋಯಿತು. ಎಲ್ಲ ಹೇಳಿದೆ. "ಕ್ಲೈಡ್ ಚೆನ್ನಾಗಿದ್ದಿದ್ರೆ ನಾನು ಅವನನ್ನ ಈಗಲೇ ರೈಲು ಹತ್ತಿಸಿ ಕಳಿಸ್ತಿದ್ದೆ ಆರಿನ್. ನಿನ್ನ ಹತ್ರ ಯಾರಾದ್ರೂ ಇರ್ಬೇಕಿತ್ತು" ಅಂದಳು. ನನಗೂ ಅದೇ ಅನಿಸಿತ್ತು. ಅಂಥ ಹೊತ್ತಿನಲ್ಲಿ ನಿನ್ನ ಒಂದು ಬೈಗುಳ ಕೇಳಿದರೂ ನನಗೆ ಧೈರ್ಯ ಬರುತ್ತದೆ.

ಶನಿವಾರದ ಮ್ಯಾಟಿನಿ ಹೇಗಿರುತ್ತದೆ ಗೊತ್ತಲ್ಲ. ಟೋಪಿ ಹಾಕಿದ ಹೆಂಗಸರು, ಮಡಿಲಲ್ಲಿ ಅಂಗಡಿಯ ಪೊಟ್ಟಣಗಳು. ಬಣ್ಣ ಹಚ್ಚುವಾಗ ಎಡಗಡೆ ಹುಬ್ಬು ಎರಡು ಸಲ ಬರೆಯಬೇಕಾಯಿತು. ಮೊದಲ ಅಂಕವಿಡೀ ನಾನು ಔಷಧಿ ಅಂಗಡಿಯಲ್ಲಿ ಇರಲೇ ಇಲ್ಲ, ಕೊನೆಯ ಸಾಲಿನ ಕತ್ತಲಲ್ಲಿದ್ದೆ. ಅವನು ಈಗ ನನ್ನ ನಡಿಗೆ ನೋಡುತ್ತಿದ್ದಾನೆ, ಈಗ ಈ ಮಾತನ್ನು ತಾನಾದರೆ ಹೇಗೆ ಹೇಳುತ್ತೇನೆಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಾನೆ. ಒಂದು ಕಡೆ ಮಾತು ಮರೆತು ನಿಂತೆ. ಜೂನ್ ನನ್ನ ಮಾತನ್ನು ತಾನೇ ಪ್ರಶ್ನೆ ಮಾಡಿ ಕೇಳಿ ದಡ ಮುಟ್ಟಿಸಿದಳು. ವಿರಾಮದಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಅಷ್ಟೊತ್ತಿಗೆ ನಾನು ಮುಗಿದೇ ಹೋಗಿದ್ದೆ, ಕ್ಲೈಡ್. ಅದು ನನಗೂ ಗೊತ್ತಿತ್ತು.

ಎರಡನೇ ಅಂಕದಲ್ಲಿ ಶೆರೀಫ್ ಒಳಗೆ ಬಂದ. ಇದ್ದಕ್ಕಿದ್ದಂತೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೇಗೂ ಹೋಗುವುದೇ ಆದರೆ ನನ್ನ ಹಾಗೆಯೇ ಆಡಿ ಹೋಗುತ್ತೇನೆ. ಸ್ಟೂಲು ಎಳೆದೆ. ಕರ್ಚೀಫು ತೆಗೆದೆ. ಮೇಲೆ ಒರೆಸಿದೆ, ಅಂಚು ಒರೆಸಿದೆ, ಕಾಲನ್ನೂ ಒರೆಸಿದೆ. ಶೆರೀಫನ ಪಾತ್ರದವನು ಕಣ್ಣರಳಿಸಿಕೊಂಡು ನಿಂತಿದ್ದಾನೆ, ಪಾಪ, ಅವನಿಗೆ ಹೇಳಿಯೇ ಇರಲಿಲ್ಲ. ನಾನು ಅವನಿಗೆ ಬಗ್ಗಿ ಮರ್ಯಾದೆ ತೋರಿಸಿ, ಆರಾಮಾಗಿ ನಾನೇ ಕೂತೆ.

ನಿಶ್ಶಬ್ದ. ಆಮೇಲೆ ತೀರ ಹಿಂದಿನಿಂದ, ಆ ಕತ್ತಲಿಂದ, ಒಬ್ಬ ನಕ್ಕ. ಒಬ್ಬನೇ. ತಡೆದುಕೊಳ್ಳಲಾಗದೆ ಬಾಯಿಂದ ಜಾರಿದ ನಗು.

ಅವನ ಹಿಂದೆಯೇ ಒಬ್ಬಳು ನಕ್ಕಳು, ಆಮೇಲೆ ಒಂದು ಸಾಲು, ಆಮೇಲೆ ಇಡೀ ಸಭೆ. ಆ ನಗು ಇಳಿಯುವಷ್ಟರಲ್ಲಿ ನಾನು ಸ್ಟೂಲಿನ ಅಂಚು ಹಿಡಿದುಕೊಂಡಿದ್ದು ಅವರಿಗೆ ಕಂಡಿತು. ಇವನು ತಮಾಷೆ ಮಾಡುತ್ತಿಲ್ಲ, ಹೆದರಿದ್ದಾನೆ ಎಂದು ಅವರಿಗೆ ಹೊಳೆಯಿತು. ಎಲ್ಲರೂ ಒಟ್ಟಿಗೆ ಸುಮ್ಮನಾದರು. ಅಲ್ಲಿಂದ ಮುಂದೆ ಅವರು ನನ್ನವರು. ಮೂರನೇ ಅಂಕದಲ್ಲಿ ಮಗಳ ಮುಂದೆ ಒಪ್ಪಿಕೊಳ್ಳುವಾಗ ಒಬ್ಬನೂ ಕೆಮ್ಮಲಿಲ್ಲ. ಇಷ್ಟು ವರ್ಷ ಬಣ್ಣ ಹಚ್ಚಿದ್ದು ಆ ಅರ್ಧ ಗಂಟೆಗಾಗಿಯೇ ಅನ್ನಿಸಿತು.

ಆಟ ಮುಗಿದ ಮೇಲೆ ಬಣ್ಣ ಒರೆಸದೆ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಕೂತೆ. ಕೊನೆಯ ಸಾಲಿನವನು ಬಂದೇ ಬರುತ್ತಾನೆ ಎಂದುಕೊಂಡೆ. ನಮ್ಮವರಲ್ಲಿ ಯಾರೇ ಆಟ ನೋಡಿದರೂ ಹಿಂದೆ ಬಂದು ಮುಖ ತೋರಿಸದೆ ಹೋಗುವುದುಂಟೇ? ಆಟ ದರಿದ್ರವಾಗಿದ್ದರೂ ಬರುತ್ತಾರೆ, ಆಗದವರೂ ಬಂದು ಏನಾದರೂ ಒಂದು ಒಳ್ಳೆಯ ಸುಳ್ಳು ಹೇಳಿ ಹೋಗುತ್ತಾರೆ. ಜೂನಳ ಚಿಕ್ಕಮ್ಮ ಬಂದಳು. ಇಬ್ಬರು ಮುದುಕಿಯರು ಸಹಿ ಕೇಳಲು ಬಂದರು. ಅವನು ಬರಲಿಲ್ಲ.

ಸಂಜೆಯ ಆಟಕ್ಕೆ ಮುಂಚೆ ಕರ್ಟಿಸ್ ಎಲ್ಲರನ್ನೂ ಕೂರಿಸಿದ. ನನ್ನ ಸರದಿ ಬಂತು. ನನ್ನ ಮುಖವನ್ನೇ ನೋಡಿದ.

"ಪೆಲ್ ಅವ್ರೆ, ಮೊದಲ್ನೇ ಅಂಕದಲ್ಲಿ ಮಾತು ಮರೆತ್ರಿ. ಮೂರರಲ್ಲಿ ಕಿಟಕಿ ಹತ್ರ ಹೋಗೋದು ತುಂಬ ಬೇಗ ಆಯ್ತು. ಮಗಳ ಹೆಸರು ಹೇಳ್ವಾಗ ದನಿ ನುಂಗ್ತೀರಿ, ಹಿಂದೆ ಕೇಳ್ಸಲ್ಲ. ಮತ್ತೆ, ಆ ಸ್ಟೂಲು..." ಪೆನ್ಸಿಲು ಕಚ್ಚಿದ. "ಇರ್ಲಿ ಬಿಡಿ. ಆದ್ರೆ ಕಾಲು ಒರ್ಸೋದು ಬೇಡ, ಜಾಸ್ತಿ ಆಯ್ತು."

ನಾನು ಬೂಟಿನ ದಾರ ಕಟ್ಟುವವನಂತೆ ಬಗ್ಗಿದೆ. ಕಣ್ಣಿಂದ ನೀರು ಸುರಿಯುತ್ತಿತ್ತು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯ ಈ ದೇಶದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಅದಾಗಿ ಎಂಟು ದಿನವಾಯಿತು, ನನ್ನ ಜಾಗಕ್ಕೆ ಯಾರೂ ಬರಲಿಲ್ಲ. ಹಾಗಾಗಿ ಗುರುವಾರ ಪರದೆಯ ಹಿಂದೆ ನಾನೇ ಇರುತ್ತೇನೆ. ನಿನ್ನೆ ಇಲ್ಲಿಯ ಥಿಯೇಟರಿನ ಮುಂದೆ ಏಣಿ ಹಾಕಿ ನನ್ನ ಹೆಸರು ಮೇಲೇರಿಸುತ್ತಿದ್ದರು. ನಾನು ಎದುರಿನ ಸಿಗರೇಟು ಅಂಗಡಿಯಲ್ಲಿ ನಿಂತು, ಯಾರಿಗೋ ಕಾಯುವವನ ಹಾಗೆ ಮುಖ ಮಾಡಿಕೊಂಡು ಪೂರ್ತಿ ನೋಡಿದೆ. ನೆಟ್ಟಿ ಹೊಸ ಉಡುಪು ಹೊಲಿಸಿದ್ದಾಳೆ. ಪತ್ರಿಕೆಯವರು ಏನು ಬರೆಯುತ್ತಾರೋ ದೇವರಿಗೇ ಗೊತ್ತು, ಮತ್ತೆ ಗಟ್ಟಿಯಾಗಿದ್ದಾರೆ ಅಂದರೆ ಮಾತ್ರ ಕಚೇರಿಗೇ ಹೋಗಿ ಹೊಡೆಯುತ್ತೇನೆ.

ಲೊರೇನಳಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು, ದೇವರು ಆ ಮನೆಯನ್ನು ತಣ್ಣಗಿಟ್ಟಿರಲಿ. ನಿನ್ನ ಬೆನ್ನು ಬೇಗ ನೆಟ್ಟಗಾಗಲಿ. ನಿನಗೂ ಒಳ್ಳೆಯ ಪಾತ್ರವೊಂದು ಬರಲಿ, ಇದನ್ನು ಮನಸ್ಸಿನಿಂದ ಬರೆಯುತ್ತಿದ್ದೇನೆ.

ಇಂತಿ ನಿನ್ನ,
ಆರಿನ್

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಬೆನ್ನುನೋವಿನ ನಾಟಕ ಇನ್ನು ಸಾಕು ಕ್ಲೈಡ್. ಆ ನಗು ಯಾರದೆಂದು ನನಗೆ ತಿಳಿಯದೆ ಹೋಗುತ್ತದೆಯೇ? ಟೆಂಟಿನಲ್ಲಿ ದಿನಾ ಪಕ್ಕದಲ್ಲೇ ನಿಂತು, ನಾನು ಕೂತ ಕೂಡಲೆ ಹಾಗೇ ನಕ್ಕು ಮ್ಯಾನೇಜರನ ಹತ್ತಿರ ಬೈಸಿಕೊಳ್ಳುತ್ತಿದ್ದವನು ನೀನು.

ನೀನು ನನ್ನ ಪಾತ್ರ ನೋಡಲು ಬಂದದ್ದಕ್ಕೆ ನನಗೆ ಕೋಪವಿಲ್ಲ. ಕೆಲಸವಿಲ್ಲದ ನಟನನ್ನು ಕರೆದರೆ ಹೋಗುತ್ತಾನೆ, ನಾನೂ ಹೋಗುತ್ತಿದ್ದೆ. ನೀನು ನನಗಿಂತ ಚೆನ್ನಾಗಿ ಆಡುತ್ತಿದ್ದೆ, ಅದೂ ನಿಜ. ಆ ಪಾತ್ರ ತೆಗೆದುಕೊಳ್ಳಲು ಬಂದವನೇ ಒಂದು ನಗು ನಕ್ಕು ನನಗೆ ಅದನ್ನು ಉಳಿಸಿಕೊಟ್ಟೆ, ಬೇಕೆಂದು ನಕ್ಕೆಯೋ ಮೈಮರೆತು ನಕ್ಕೆಯೋ ನಾನು ಕೇಳುವುದಿಲ್ಲ. ಆದರೆ ನಾನು ಬಾಗಿಲು ತೆರೆದಿಟ್ಟು ಕೂತಿದ್ದೆನಲ್ಲೋ. ಒಳಗೆ ಬಂದು "ಕಾಲು ಒರೆಸಿದ್ದು ಜಾಸ್ತಿ ಆಯ್ತು" ಎಂದು ನೀನು ಹೇಳಬೇಕಿತ್ತು, ಆ ಹುಡುಗ ಹೇಳಿದ. ಮ್ಯಾಗಿ ಮುಂಬಾಗಿಲಿಗೆ ಓಡಿ ಬರುವಷ್ಟರಲ್ಲಿ ನೀನು ಕಾಲರ್ ಮೇಲೆತ್ತಿಕೊಂಡು ಬಾಡಿಗೆ ಕಾರು ಹತ್ತಿದ್ದೆಯಂತೆ. ಬೆನ್ನು ಬಗ್ಗಿಸಿ, ಆರಾಮಾಗಿ.

ನೆಟ್ಟಿಗೆ ಇನ್ನೂ ಹೇಳಿಲ್ಲ. ಇವತ್ತು ಊಟಕ್ಕೆ ಕೂತಾಗ ಕೇಳಿದಳು, "ಕ್ಲೈಡ್‌ಗೆ ಹೇಗಿದೆಯಂತೆ?" ವಾಸಿಯಾಗ್ತಿದೆಯಂತೆ ಅಂದೆ. ಅವಳು ನಂಬಿದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳ ಮುಂದೆ ನಟಿಸಿದ್ದು ಇದೇ ಮೊದಲು.