ಬಟ್ಟೆ ಒಣಗಿಸುವ ಹಗ್ಗ

ಹೊಸ ತಿಪ್ಪಸಂದ್ರ
ಮೇ ಕೊನೆ, ೧೯೯೬

ಅಪ್ಪ,

ಮಾತಾಡಲು ಬಂದರೆ ಪೇಪರು ಅಡ್ಡ ಹಿಡಿಯುತ್ತೀರಿ. ಅದಕ್ಕೇ ನಿಮ್ಮ ಟಿಫಿನ್ ಡಬ್ಬಿಯ ಜೊತೆ ಈ ಪತ್ರ.

ನಾನು ಬಂಡೆ ಹತ್ತಬಾರದೆಂದು ನನ್ನ ಹಗ್ಗವನ್ನು ತಾರಸಿಯಲ್ಲಿ ಬಟ್ಟೆ ಒಣಗಿಸಲು ಕಟ್ಟಿದಿರಿ. ಇರಲಿ, ಬಿಚ್ಚಬೇಡಿ. ಬೇಸಿಗೆಯೆಲ್ಲ ಬಿಸಿಲು ತಿಂದ ಹಗ್ಗವನ್ನು ನಂಬಿ ನಾನು ಹತ್ತುವುದಿಲ್ಲ. ಭಾನುವಾರ ಸಾವನದುರ್ಗಕ್ಕೆ ಗೆಳತಿ ಸಿದ್ರಾ ಹೊಸ ಹಗ್ಗ ತರುತ್ತಾಳೆ.

"ಬಿದ್ರೆ ಏನಮ್ಮ ಗತಿ?" ಎಂದಿರಿ. ಒಬ್ಬರ ಗಂಟನ್ನು ಇನ್ನೊಬ್ಬರು ಎಳೆದು ನೋಡದೆ ನಾವು ನೆಲ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ನೀವೂ ವಿಮಾನದ ಒಂದೊಂದು ನಟ್ಟು ಮುಟ್ಟಿ ನೋಡಿಯೇ ಅಲ್ಲವೇ ಸಹಿ ಹಾಕುವುದು?

ಸ್ಕೂಟರಿನಲ್ಲಿ ಬನ್ನಿ. ಬಂಡೆಯ ಬುಡದಲ್ಲಿ ನನ್ನ ಗಂಟು ನೋಡಿ. ಸರಿಯಿಲ್ಲದಿದ್ದರೆ ಬಿಚ್ಚಿಸಿ, ಮತ್ತೆ ಕಟ್ಟುತ್ತೇನೆ. ಮನೆಗೆ ಮಾತ್ರ ಕರೆಯಬೇಡಿ.

ನಿಮ್ಮ ಮಗಳು,
ವಿಭಾ