ಉಸಿರಿನ ಜಾಡು

ಅಕ್ಕಾ,

ಭಾವ ಬದುಕಿದ್ದಾರೆ. ಕುಸಿದ ಗೋದಾಮಿನೊಳಗೆ ಅವರನ್ನು ಹುಡುಕಿದ್ದು ನಮ್ಮ ರಕ್ಷಣಾ ತಂಡದ ಪುಟ್ಟ ರೋಬೋಟ್. ಪತಂಗವು ವಾಸನೆ ಸಿಕ್ಕರೆ ಗಾಳಿಗೆದುರಾಗಿ ಹೋಗುತ್ತದೆ, ತಪ್ಪಿದರೆ ಎಡಕ್ಕೂ ಬಲಕ್ಕೂ ತಡಕಾಡುತ್ತದೆ. ಇದೂ ಹಾಗೆಯೇ ಮನುಷ್ಯರ ಉಸಿರಿನ ಜಾಡು ಹಿಡಿಯುತ್ತದೆ. ಅದು ಮೈಮೇಲೆ ಹತ್ತಿದಾಗ ಭಾವ, "ಥೂ, ಜಿರಳೆ!" ಎಂದು ಬೈದದ್ದು ಮೈಕಿನಲ್ಲಿ ಕೇಳಿಸಿತು. ಕಾಲು ಮುರಿದಿದೆ, ಅಷ್ಟೇ.

ಆಸ್ಪತ್ರೆಗೆ ಅವರ ಕನ್ನಡಕ ತೆಗೆದುಕೊಂಡು ಹೋಗು. ಜೊತೆಗಿದ್ದ ಕ್ರೇನ್ ಆಪರೇಟರ್ ಬಗ್ಗೆ ಕೇಳಿದರೆ, ಹುಡುಕುತ್ತಿದ್ದಾರೆ ಎನ್ನು. ಸುಳ್ಳೇನಲ್ಲ. ಆ ಕಡೆ ಉಸಿರಿನ ಸುಳಿವೇ ಇಲ್ಲ, ನಿಲ್ಲಿಸೋಣ ಎಂದರು ನಮ್ಮ ಮೇಲಿನವರು. ಆ ಆಪರೇಟರ್ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಅದನ್ನ ಒಳಗೆ ಬಿಟ್ಟು ನೋಡಮ್ಮಾ" ಎಂದರು. ಬಿಟ್ಟಿದ್ದೇನೆ.

ನಾನು ಈಗ ಬರಲಾರೆ. ಚೀಟಿ ತಂದ ಡ್ರೈವರ್ ಕೈಲಿ ನಿನ್ನದೊಂದು ಸ್ವೆಟರ್ ಕಳಿಸು. ಆಪರೇಟರ್ ಹೆಂಡತಿ ಚಳಿಗೆ ನಡುಗುತ್ತಾ ರೋಬೋಟಿನ ಪರದೆಯ ಮುಂದೆಯೇ ಕೂತಿದ್ದಾರೆ.

ನಿನ್ನ ತಂಗಿ